ಕೊನೆಯ ದಿನಕ್ಕೆ ಇಪ್ಪತ್ತು ದಿನದ ವಾಯಿದೆ

ಲೋಕದ ಅಂತ್ಯವನ್ನು ಇಪ್ಪತ್ತು ದಿನ ಮುಂದಕ್ಕೆ ಹಾಕಿಸಿದವನು ನಾನು. ನಗಬೇಡಿ. ಸೂರ್ಯ ಕಪ್ಪಾಗಲು, ಚಂದ್ರ ಕೆಂಪಾಗಲು, ಆಕಾಶ ಚಾಪೆಯ ಹಾಗೆ ಸುತ್ತಿಕೊಳ್ಳಲು ಎಲ್ಲ ತಯಾರಾಗಿತ್ತು. ದೂತರು ತುತ್ತೂರಿಯನ್ನು ತುಟಿಗೆ ಹಚ್ಚಿ ನಿಂತಿದ್ದರು. ನಾನು 'ತಡೀರಿ' ಅಂದೆ. ತಡೆದರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಇಂಥ ಕೆಲಸ ಮಾಡಿದ ಇನ್ನೊಬ್ಬ ಗಂಡಸಿದ್ದರೆ ಕರೆತನ್ನಿ, ಅವನ ಕಾಲು ತೊಳೆದ ನೀರು ಕುಡಿಯುತ್ತೇನೆ.

ನನ್ನ ಹೆಸರು ಶಿವರಾಯ. ಹೆಸರು ಕೇಳಿ ಗುಡಿಯ ಕಡೆ ನೋಡಬೇಡಿ, ನಮ್ಮದು ಮೂರು ತಲೆಮಾರಿನ ಕ್ರೈಸ್ತರ ಮನೆ. ನಮ್ಮ ಮುತ್ಯಾ ದೇವರನ್ನು ಬದಲಿಸಿದ, ಹೆಸರುಗಳನ್ನು ಹಾಗೆಯೇ ಬಿಟ್ಟ, ರೊಟ್ಟಿ-ಹಿಂಡಿಯನ್ನಂತೂ ಮುಟ್ಟಲಿಲ್ಲ. ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮೂವತ್ತನಾಲ್ಕು ವರ್ಷ ಸರಕಾರಿ ಬಸ್ ಓಡಿಸಿದ್ದೇನೆ. ಭೀಮಾ ನದಿಗೆ ಮಹಾಪೂರ ಬಂದು ಸೇತುವೆ ಮುಳುಗಿದಾಗ ಬಸ್ಸನ್ನು ನೀರಿನ ಮೇಲೆ ತೇಲಿಸಿ ದಾಟಿಸಿದ್ದೇನೆ. ಐವತ್ತೆಂಟು ಪ್ರಯಾಣಿಕರಲ್ಲಿ ಒಬ್ಬರ ಚಪ್ಪಲಿಯೂ ತೊಯ್ಯಲಿಲ್ಲ. ಹೆಂಡತಿ ತೀರಿದ ಮೇಲೆ ತಮ್ಮನ ಮನೆಯಲ್ಲಿದ್ದೇನೆ.

ತಮ್ಮ ಗುರುಶಾಂತ ದರ್ಜಿ. ಅವನ ಹೆಂಡತಿ ಜಯಮಾಲಾ, ಜೇವರ್ಗಿಯ ಹುಡುಗಿ. ಮಗಳು ಸುವಾರ್ತಾ ಹತ್ತನೆಯ ಪರೀಕ್ಷೆ ಬರೆದು ಮನೆಯಲ್ಲಿ ಕೂತಿದ್ದಳು. ಎಲ್ಲರ ಮೇಲೆ ನಮ್ಮವ್ವ ತುಳಜಾಬಾಯಿ, ಎಪ್ಪತ್ತೆಂಟು ವರ್ಷ. ಅವಳ ಬಲಗಣ್ಣಿನ ಪೊರೆ ಮೊಸರಿನಷ್ಟು ಬೆಳ್ಳಗಾಗಿತ್ತು, ಎಡಗಣ್ಣಿಗೆ ಮನುಷ್ಯರು ನೆರಳಾಗಿ ಕಾಣುತ್ತಿದ್ದರು.

ನಮ್ಮಪ್ಪ ಖಂಡಪ್ಪ ಹೋಗಿ ಹನ್ನೆರಡು ವರ್ಷ. ಹೊಲದಲ್ಲಿ ದುಡಿದವನು, ಆದರೆ ಅವನಂಥ ಓದುಗ ಈ ಸೀಮೆಯಲ್ಲಿ ಹುಟ್ಟಿಲ್ಲ. ಪಾಸ್ಟರ್ ಬಾರದ ಭಾನುವಾರ ಚರ್ಚಿನಲ್ಲಿ ಪಾಠ ಓದುವವನು ಅವನೇ. ಸತ್ಯವೇದ ಬಿಡಿಸಿ ಸಾಲಿನ ಮೇಲೆ ಬೆರಳಿಟ್ಟನೆಂದರೆ ಕಣ್ಣು ಮುಚ್ಚಿಕೊಂಡೂ ಓದುತ್ತಿದ್ದ. ಓದಿದ್ದು ಆಳಂದದವರೆಗೆ ಕೇಳಿಸುತ್ತಿತ್ತು. ಆ ದೊಡ್ಡ ಸತ್ಯವೇದ ಈಗಲೂ ನಮ್ಮ ಗೂಡಿನಲ್ಲಿದೆ. ಅದರ ಕೊನೆಯ ಖಾಲಿ ಪುಟದಲ್ಲಿ ನಮ್ಮ ಮನೆಯ ಹುಟ್ಟು, ಮದುವೆ, ಸಾವು ಎಲ್ಲವೂ ಒಂದೇ ದುಂಡನೆಯ ಅಕ್ಷರದಲ್ಲಿ ಪೆನ್ಸಿಲಿನಿಂದ ಬರೆದಿವೆ. ಅಪ್ಪನ ಅಕ್ಷರ, ಮುತ್ತು.

ತಂಟೆ ಶುರುವಾದದ್ದು ಏಪ್ರಿಲ್ಲಿನಲ್ಲಿ, ಊಟಕ್ಕೆ ಕೂತಾಗ. ಗುರುಶಾಂತ ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡಿದ್ದ. ಅದರೊಳಗೆ ಬಿಳಿ ಕೋಟಿನವನೊಬ್ಬ ಕಡೇ ಕಾಲ ಬಂತು, ಈ ವರ್ಷ ದಾಟುವುದಿಲ್ಲ ಎಂದು ಕೂಗುತ್ತಿದ್ದ. ನಾನು ನನ್ನ ಮಹಾಪೂರದ ಕತೆ ಹೇಳುತ್ತಿದ್ದೆ, ಬಸ್ಸು ನಡುನೀರಿನಲ್ಲಿತ್ತು.

"ಅಣ್ಣಾ, ಸುಮ್ಮ ಕೂಡು. ಕೇಳಾಕತ್ತೇನಿ," ಎಂದ ತಮ್ಮ.

ನನ್ನ ಕತೆಯ ನಡುವೆ ಸುಮ್ಮನಿರು ಎಂದವರು ಇತಿಹಾಸದಲ್ಲಿಲ್ಲ. ಸುವಾರ್ತಾ ಕೂಡ ಮೊಬೈಲು ನೋಡುತ್ತಿದ್ದಳು. ಜಯಮಾಲಾ ಕೂಡ.

"ಈ ಕೋಟಿನವಗ ಏನ್ ಗೊತ್ತದ? ಬರೇ ವರ್ಷ ಹೇಳ್ತಾನ. ನಮ್ಮಪ್ಪಗ ತಾರೀಖೇ ಗೊತ್ತಿತ್ತು," ಎಂದೆ.

ಗುರುಶಾಂತ ಮೊಬೈಲು ಮಗುಚಿಟ್ಟ. "ಯಾವ ತಾರೀಖು?"

"ಕರ್ತ ಬರೂ ತಾರೀಖು. ಬರದಿಟ್ಟಾನ."

"ಎಲ್ಲಿ?"

"ನಾಳಿ ಹುಡುಕಿ ತೋರಸ್ತೇನಿ. ಅಂಥಾದು ಉಂಡ ಕೈಲೆ ಮುಟ್ಟಬಾರದು."

ಮರುದಿನ ಮಧ್ಯಾಹ್ನ ಸತ್ಯವೇದದ ಕೊನೆಯ ಪುಟದ ಬುಡದಲ್ಲಿ ಆ ಸಾಲು ಸಿಕ್ಕಿತು. 'ಕರ್ತನು ಬರುವ ದಿನ, ಜೂನ್ 3.' ಮುಂದೆ ಈ ವರ್ಷದ ಇಸವಿ. ಅದೇ ದುಂಡನೆಯ ಅಕ್ಷರ. ನಾನು ಪುಟ ತೆರೆದಾಗ ಅಕ್ಷರಗಳಿಂದ ಬೆಳಕು ಹೊರಟು ಜಂತಿಗೆ ಬಡಿಯಿತು. ಗುರುಶಾಂತ ಕಣ್ಣೀರು ಹಾಕುತ್ತ ಪುಟವನ್ನು ಹಣೆಗೆ ಒತ್ತಿಕೊಂಡ. ಅವನು ಅಪ್ಪನ ದೊಡ್ಡ ಭಕ್ತ.

ಅವ್ವ ಗೋಡೆಗೆ ಆತು ಕೂತು ಎಲೆ ಅಡಿಕೆ ಜಗಿಯುತ್ತಿದ್ದಳು. ಸಾಲನ್ನು ಓದಿ ಹೇಳಿದ ಮೇಲೆ ಜಗಿಯುವುದು ನಿಂತಿತು.

"ಯಾರು ಬರದಾರಂತ ಅಂದಿ?"

"ಅಪ್ಪ ಬರದಾನವ್ವಾ."

"ಹೌದಾ? ಪೆನ್ಸಿಲ್ಲೋ, ಶಾಯಿಯೋ?"

"ಪೆನ್ಸಿಲ್."

"ಅಕ್ಷರ ಸಣ್ಣವೇನು, ದೊಡ್ಡವೇನು? ಸಾಲು ನೆಟ್ಟಗದ ಏನು?" ಪುಟದ ಮೇಲೆ ಕೈಯಾಡಿಸಿ ನಿಟ್ಟುಸಿರು ಬಿಟ್ಟಳು. "ಕಣ್ಣಿಗಿ ಕಂಡ್ರ ಒಮ್ಮಿ ನಾನೂ ನೋಡ್ತಿದ್ದೆ."

ಗಂಡನ ನೆನಪು, ಪಾಪ, ಎಂದುಕೊಂಡೆ.

ಮೇ ತಿಂಗಳು ಬರುವ ಹೊತ್ತಿಗೆ ಗುರುಶಾಂತ ಬೇರೆ ಮನುಷ್ಯನಾಗಿದ್ದ. ದರ್ಜಿಗೆ ಯಾವ ಪಾಪ ಇರುತ್ತದೆ ಎಂದು ಲೋಕಕ್ಕೇ ಗೊತ್ತು. ಉಳಿದ ಬಟ್ಟೆ. ಒಂದು ಜಂಪರಕ್ಕೆ, ಅಂದರೆ ರವಿಕೆಗೆ, ಕೊಟ್ಟ ಅರಿವೆಯಲ್ಲಿ ಗೇಣು ಉಳಿದರೆ ಅದು ಮಶೀನಿನ ಕೆಳಗಿನ ಚೀಲಕ್ಕೆ ಹೋಗುತ್ತದೆ. ಕೇಳಿದರೆ, "ಉಳಿಲೇ ಇಲ್ರಿ ಅಕ್ಕಾ." ಇಪ್ಪತ್ತೈದು ವರ್ಷದ ಅಂಥ ತುಂಡುಗಳು ನಾನು ನೋಡಿದ ಲೆಕ್ಕದಲ್ಲಿ ನಲವತ್ತು ಚೀಲ. ಆಯಿತು, ಎರಡು ಚೀಲ. ಅವನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಮನೆಗೆ ಹೊರಟ. ಬಾಗಿಲಲ್ಲಿ ನಿಂತು, "ಇದು ನಿಮ್ಮದ್ರಿ. ನಾ ಇಟ್ಟಕೊಂಡಿದ್ದೆ. ಕ್ಷಮಾ ಮಾಡ್ರಿ," ಅನ್ನುವುದು.

ಊರು ಅವನನ್ನು ಹೊಗಳುತ್ತದೆ ಎಂದು ಅವನು ತಿಳಿದಿದ್ದ. ಊರಿಗೆ ಬಂದದ್ದು ಸಂಶಯ.

ಕಾಳಿನ ವ್ಯಾಪಾರಿಯ ಹೆಂಡತಿ ಗುರುಬಾಯಿ ಮರುದಿನವೇ ತುಂಡು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದಳು. "ಗುರುಶಾಂತಣ್ಣಾ, ಈ ಹಸರ ತುಂಡು ಹನ್ನೊಂದು ವರ್ಷದ ಹಿಂದಿನ ಜಂಪರಿಂದು. ಈಗ್ಯಾಕ ಕೊಡಾಕತ್ತಿ?"

"ತಪ್ಪಾಗಿತ್ರಿ, ಅದಕ್ಕ."

"ತಪ್ಪು ಇದೊಂದೇ ಏನು, ಇನ್ನೂ ಅದಾವೋ? ಆ ವರ್ಷ ನಾ ನಾಕು ಜಂಪರ ಹೊಲಿಸೇನಿ." ಹೇಳುತ್ತ ಜಯಮಾಲಾಳ ಮೈಮೇಲಿನ ಹಸಿರು ಜಂಪರವನ್ನು ತೋಳಿನಿಂದ ಬೆನ್ನಿನವರೆಗೆ ನಿಧಾನಕ್ಕೆ ನೋಡಿದಳು.

ಅವಳು ಹೋದ ಮೇಲೆ ಜಯಮಾಲಾ ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೆ ಕೇಳಿಸಿತು. "ಇಷ್ಟ ವರ್ಷ ಊರಾಗ ತಲಿ ಎತ್ತಿ ನಡದೀನಿ. ಈಗ ಹೆಂಗಸರು ನನ್ನ ಮಾರಿ ನೋಡೂದ ಬಿಟ್ಟು ಜಂಪರ ನೋಡಾಕತ್ತಾರ."

"ಕರ್ತನ ಮುಂದ ತಲಿ ಎತ್ತಬೇಕಲ್ಲ," ಎಂದ ಗುರುಶಾಂತ.

"ಕರ್ತ ಗುರುಬಾಯಿಗಿಂತ ಚಲೋ ಇರ್ತಾನ ಬಿಡ್ರಿ."

ಬಜಾರಿನಲ್ಲಿ ಮಾತು ಎದ್ದಿತು. ದರ್ಜಿ ಮೇಲೆ ಏನೋ ಕೇಸಾಗಿದೆ. ಅಲ್ಲ, ಊರು ಬಿಟ್ಟು ಹೋಗುತ್ತಾನೆ. ಅಲ್ಲ, ರೋಗ ಬಂದಿದೆ. ಅಂಗಡಿಗೆ ಅವನು ಹಚ್ಚಿದ ಚೀಟಿ ಆ ಬೆಂಕಿಗೆ ಇನ್ನೂ ಎಣ್ಣೆ ಸುರಿಯಿತು: ಜೂನ್ ಮೂರರ ಆಚೆಗೆ ಕೊಡಬೇಕಾದ ಅರಿವೆ ಒಪ್ಪಿಕೊಳ್ಳುವುದಿಲ್ಲ. ಶಾಲೆಯ ಯುನಿಫಾರ್ಮಿನ ಹಂಗಾಮು ಅದು. ಮಕ್ಕಳ ಕೈ ಹಿಡಿದು ಬಂದ ತಾಯಂದಿರು ಚೀಟಿ ಓದಿ, ಅವನ ಮುಖ ಓದಿ, ಎದುರಿನ ಅಂಗಡಿಗೆ ಹೋದರು.

ಮನೆಯೊಳಗೂ ಹಾಗೆಯೇ. ಸುವಾರ್ತಾ ಕೇಳಿದಳು, "ಅಪ್ಪಾ, ಹಂಗಾದ್ರ ನಾ ಪಿಯುಸಿ ಅರ್ಜಿ ಹಾಕಲ್ಯೋ ಬ್ಯಾಡೋ?"

"ಪ್ರಾರ್ಥನಾ ಮಾಡು."

"ಪ್ರಾರ್ಥನಾಕ್ಕ ಕೊನೀ ತಾರೀಖು ಇಲ್ಲ. ಅರ್ಜಿಗಿ ಅದ."

ಜಯಮಾಲಾ ಹಪ್ಪಳ ಸಂಡಿಗೆ ಮಾಡುವುದನ್ನು ನಿಲ್ಲಿಸಿದಳು. ವರ್ಷದ ಜೋಳ ಮೂಲೆಯಲ್ಲಿ ಚೀಲದಲ್ಲೇ ಕೂತಿತ್ತು. ಹಸನು ಮಾಡಿ ಬೇವಿನೆಲೆ ಬೆರೆಸಿ ತುಂಬಿಡುವ ಕೆಲಸ ಹಾಗೇ ಉಳಿಯಿತು. ಕೇಳಿದರೆ, "ಮೂರನೇ ತಾರೀಖಿಗಿ ಲೋಕ ಮುಗಿಯೂದಿದ್ರ ನುಸಿಗಿ ಯಾಕ ಅಂಜಲಿ?" ಎನ್ನುವಳು. ಎರಡು ಹೊತ್ತೂ ನುಚ್ಚು-ಮಜ್ಜಿಗೆ. ಪುಂಡಿಪಲ್ಯದ ಮುಖ ನೋಡದೆ ನನ್ನ ತೂಕ ಹದಿನೆಂಟು ಕಿಲೋ ಇಳಿಯಿತು.

ಚೀಲ ಮುಗಿದ ಮೇಲೆ ಗುರುಶಾಂತನ ಕಣ್ಣು ಅವ್ವನ ಕೌದಿಯ ಮೇಲೆ ಬಿತ್ತು. ಜಯಮಾಲಾ ಮದುವೆಯಾಗಿ ಬಂದ ವರ್ಷದಿಂದ ಅತ್ತೆ-ಸೊಸೆ ಕೂಡಿ ಅದೇ ತುಂಡುಗಳನ್ನು ಜೋಡಿಸಿ ಹೊಲಿದ ಕೌದಿ. ಒಂದು ಮಧ್ಯಾಹ್ನ ಅವನು ಬ್ಲೇಡು ಹಿಡಿದು ಅಂಗಳದಲ್ಲಿ ಬಿಚ್ಚಲು ಕೂತ. ಅವ್ವ ಸಪ್ಪಳ ಕೇಳಿ ತಡಕಾಡುತ್ತ ಬಂದು ಅಂಚು ಹಿಡಿದಳು.

"ಇದು ನನ್ನ ಕೌದಿ ಅದಲಲೇ ಗುರ್ಯಾ."

"ಅವ್ವಾ, ಇದು ಕಳುವಿನ ಮಾಲು."

"ಇಷ್ಟ ಚಳಿಗಾಲ ಇದನ್ನ ಹೊತ್ತು ಮಲಗೇನಿ. ಹಂಗಾದ್ರ ನಾನೂ ಕಳ್ಳಿ ಏನು?"

ಅವ್ವ ಸ್ವಲ್ಪ ಹೊತ್ತು ಅಂಚನ್ನು ಹಿಡಿದೇ ಇದ್ದು, ಆಮೇಲೆ ಕೈ ಬಿಟ್ಟಳು. "ಬಿಚ್ಚು. ದಾರ ಹರಿಬ್ಯಾಡ, ಉಂಡಿ ಸುತ್ತಿಡು."

ಜಯಮಾಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಊರ ಮಂದಿಗೆಲ್ಲಾ ಕ್ಷಮಾ ಕೇಳಿ ಬಂದ್ರಿ. ಮನ್ಯಾಗ ಯಾರಿಗೂ ಕೇಳೂದಿಲ್ಲೇನು?"

"ನಿನ್ನ ಹತ್ರ ನಾ ಏನ್ ಕದ್ದೀನಿ?"

"ನೆನಪಿಲ್ಲೇನು?"

"ಇಲ್ಲ."

"ಹಂಗಾದ್ರ ಮೂರನೇ ತಾರೀಖು ಕರ್ತಗೇ ಕೇಳ್ರಿ, ಅಂವ ಹೇಳ್ತಾನ," ಎಂದು ಒಳಗೆ ಹೋದಳು. ಅಂದಿನಿಂದ ಗುರುಶಾಂತನಿಗೆ ಹೆಂಡತಿಯ ಮೇಲೆ ಸಂಶಯ, ಏನು ಮುಚ್ಚಿಟ್ಟಿದ್ದಾಳೆ ಎಂದು. ಅವಳಿಗೆ ಅವನ ಮೇಲೆ ಸಂಶಯ, ಬೇಕಂತಲೇ ಮರೆತಿದ್ದಾನೆ ಎಂದು. ನನಗೆ ಇಬ್ಬರ ಮೇಲೂ. ಮನೆಯಲ್ಲಿ ಬಾಗಿಲು ಹಾಕಿದರೆ ಯಾಕೆ ಹಾಕಿದರು, ತೆರೆದರೆ ಯಾಕೆ ತೆರೆದರು ಎಂದು ಎಲ್ಲರೂ ಕಿವಿ ನೆಟ್ಟಗೆ ಮಾಡುವ ಹಾಗಾಯಿತು.

ಮಾತು ಪಾಸ್ಟರ್ ಮಲ್ಕಪ್ಪನವರ ಕಿವಿಗೂ ಬಿದ್ದು, ಒಂದು ಸಂಜೆ ಮನೆಗೆ ಬಂದರು. ಚಹಾ ಕುಡಿದು, ಪುಟ ತರಿಸಿಕೊಂಡು ನೋಡಿದರು. "ಗುರುಶಾಂತ, ಆ ದಿನ, ಆ ಗಳಿಗಿ ದೂತರಿಗೂ ಗೊತ್ತಿಲ್ಲಂತ ಪ್ರತಿ ವರ್ಷ ಹೇಳ್ತೇನಿ. ನಿಮ್ಮ ತಂದಿ ದೂತರಿಗಿಂತ ದೊಡ್ಡಾವ್ರಾಗಿದ್ರೇನು?"

"ಅಪ್ಪನ ಅಕ್ಷರ ಸುಳ್ಳು ಹೇಳೂದಿಲ್ರಿ."

ಪಾಸ್ಟರ್ ನನ್ನ ಕಡೆ ತಿರುಗಿದರು. "ಶಿವರಾಯಣ್ಣಾ, ಹನ್ನೆರಡು ವರ್ಷ ಯಾರಿಗೂ ಕಾಣಲಾರದ ಸಾಲು ನಿಮಗೇ ಹ್ಯಾಂಗ ಕಾಣಿಸ್ತು?"

ಆ ಹೊತ್ತಿಗೆ ಎಮ್ಮೆಗೆ ನೀರು ಕುಡಿಸುವುದು ನೆನಪಾಗಿ ನಾನು ಎದ್ದು ಹಿತ್ತಲಿಗೆ ಹೋದೆ. ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ.

ಮೇ ಕೊನೆಯ ವಾರ ಮುಸ್ಕಾನ ಬಂದಳು, ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಕೈಯಲ್ಲಿ ಪಟ್ಟಿ. "ಆಯಿ, ನಿಮ್ಮ ಹೆಸರು ಬಂದದ. ಆಳಂದದಾಗ ಕಣ್ಣಿನ ಕ್ಯಾಂಪು. ಅಲ್ಲಿ ನೋಡಿ, ಅಲ್ಲಿಂದಲೇ ವ್ಯಾನಿನಾಗ ಕಲಬುರಗಿಗಿ ಒಯ್ದು ಆಪರೇಶನ್ ಮಾಡ್ತಾರ. ಮರುದಿನ ಮನಿಗಿ. ಜೂನ್ ಮೂರಕ್ಕ."

ಅವ್ವನ ಮುಖವೊಂದೇ ಅರಳಿತು. ಎರಡು ವರ್ಷದಿಂದ ಅವಳು ಈ ಕರೆಗೆ ಕಾದಿದ್ದಳು.

"ಆ ದಿನ ಆಗೂದಿಲ್ಲ," ಎಂದ ಗುರುಶಾಂತ. "ಆ ದಿನ ಮನಿ ಮಂದಿ ಎಲ್ಲಾ ಪ್ರಾರ್ಥನಾದಾಗ ಇರಬೇಕು. ಯಾರೂ ಹೊಸ್ತಿಲ ದಾಟಂಗಿಲ್ಲ."

"ಅಣ್ಣಾ, ಮುಂದಿನ ಕ್ಯಾಂಪು ದಸರಾ ಆದ ಮ್ಯಾಲ. ಪೊರಿ ಪೂರಾ ಹಣ್ಣಾಗ್ಯದ ಅಂತ ಡಾಕ್ಟರ್ ಮೊದಲೇ ಹೇಳ್ಯಾರ. ತಡಾ ಆದ್ರ ಒಳಗ ಒತ್ತಡ ಏರಿ ಕಣ್ಣೇ ಹೋಗ್ತದ. ಆಮ್ಯಾಲ ಯಾವ ಆಪರೇಶನ್ನೂ ನಡಿಯೂದಿಲ್ಲ."

"ಆಮ್ಯಾಲ ಅನ್ನೂದೇ ಇಲ್ಲ ಮುಸ್ಕಾನ. ಅವ್ವಗ ಹೊಸಾ ದೇಹ, ಹೊಸಾ ಕಣ್ಣು ಬರ್ತಾವ. ಇದನ್ನ ಯಾಕ ಕೊಯ್ಸಬೇಕು?"

ಅವ್ವ ಅವನ ದನಿ ಬಂದ ಕಡೆ ಮುಖ ತಿರುಗಿಸಿದಳು. "ಕರ್ತ ಬಂದಾಗ ಅವನ ಮಾರಿ ನೋಡಬೇಕಲ್ಲಲೇ. ಬಂದಾವ ಯಾರಂತ ನಿನ್ನ ಕೇಳಲೇನು?"

"ಅವ್ವಾ, ಹಟ ಮಾಡಬ್ಯಾಡ. ಆಧಾರ ಕಾರ್ಡು ನನ್ನ ಹತ್ರ ಇರ್ಲಿ," ಎಂದು ಅವನು ಪೆಟ್ಟಿಗೆಗೆ ಕೀಲಿ ಹಾಕಿದ.

"ನಾ ಕರಕೊಂಡು ಹೋಗ್ತೇನಿ," ಎಂದೆ ನಾನು.

"ನಿನ್ನ ಕೂಡ ಹೋದ್ರ ಮುಗೀತು," ಎಂದಳು ಅವ್ವ. "ಹಿಂದಕ ಕಲಬುರಗಿಗಂತ ಕರಕೊಂಡು ಹೊಂಟು, ಕತಿ ಹೇಳ್ಕೋತ ಜೇವರ್ಗಿ ಬಸ್ ಹತ್ತಿಸಿದಾವ ನೀನು. ಬಸ್ ಡ್ರೈವರಂತ!"

ಆಗ ಸಿಡಿದವಳು ಜಯಮಾಲಾ. ಕೈಯಲ್ಲಿ ಹಿಟ್ಟು ಹಾಗೇ ಇತ್ತು. "ನೆನಪಿಲ್ಲ ಅಂದ್ರಲ್ಲ, ಈಗ ಹೇಳ್ತೇನಿ ಕೇಳ್ರಿ. ನನ್ನವ್ವ ಸತ್ತಾಳಂತ ಜೇವರ್ಗಿಯಿಂದ ಫೋನ್ ಬಂತು. ಹನ್ನೆರಡು ಯುನಿಫಾರ್ಮಿಗಿ ಗುಂಡಿ ಹಚ್ಚಿ ಮುಗಿಸಿ ಹೋಗೂಣು ಅಂದ್ರಿ. ಮುಗಿಸಿ ಹೋದ್ವಿ. ಅಷ್ಟರಾಗ ಮಣ್ಣ ಮುಚ್ಚಿದ್ರು. ನನ್ನವ್ವನ ಮಾರಿ ನಾ ನೋಡಲಿಲ್ಲ. ಈಗ ನಿಮ್ಮವ್ವಗ ಯಾರ ಮಾರೀನೂ ಕಾಣಬಾರದಂತ ಮಾಡಾಕತ್ತೀರಿ. ಅರಿವಿ ತುಂಡು ತಿರುಗಿ ಕೊಡ್ತೀರಿ, ಇದನ್ನ ಹ್ಯಾಂಗ ತಿರುಗಿ ಕೊಡ್ತೀರಿ?"

ಮುಸ್ಕಾನ ಪಟ್ಟಿಯನ್ನು ಮಡಚಿ, "ಎರಡು ದಿನದಾಗ ಹೇಳ್ರಿ," ಎಂದು ಮೆಲ್ಲಗೆ ಹೊರಟಳು. ಅವ್ವ ಏನೋ ಹೇಳಲು ಎರಡು ಸಲ ತುಟಿ ಬಿಚ್ಚಿ, ಎರಡು ಸಲವೂ ನುಂಗಿಕೊಂಡಳು. ಅದನ್ನು ನಾನು ನೋಡಿದೆ.

ಮರುದಿನ ಭಾನುವಾರ. ಎಲ್ಲರೂ ಚರ್ಚಿಗೆ ಹೋದರು. ನನಗೆ ಇದ್ದಕ್ಕಿದ್ದಂತೆ ನೂರಾ ಹನ್ನೊಂದು ಡಿಗ್ರಿ ಜ್ವರ ಬಂದು ಮನೆಯಲ್ಲಿ ಉಳಿದೆ. ಅವರು ಮರಳಿ ಬಂದಾಗ ಜ್ವರ ಬಿಟ್ಟಿತ್ತು, ನಾನು ಸತ್ಯವೇದ ಹಿಡಿದು ಅಂಗಳದಲ್ಲಿ ನಿಂತಿದ್ದೆ.

"ಗುರ್ಯಾ, ಇಲ್ಲಿ ನೋಡಲೇ! ನನ್ನ ಹದ್ದಿನ ಕಣ್ಣಿಗಿ ಈಗ ಬಿತ್ತು. ಜೂನ್ ಮೂರು ಅಲ್ಲ, ಇಪ್ಪತ್ತಮೂರು!"

ಗುರುಶಾಂತ ಪುಟವನ್ನು ಬಿಸಿಲಿಗೆ ಹಿಡಿದ. ಮೂರರ ಹಿಂದೆ, ತೆಳ್ಳಗೆ, ಎರಡರ ಅಂಕಿ. "ಮೊನ್ನೆ ಇದ್ದಿದ್ದಿಲ್ಲಲ್ಲ."

"ನೀ ಕಣ್ಣೀರಾಗ ನೋಡಿದ್ದಿ. ನೀರಾಗ ಅಂಕಿ ಕರಗ್ತಾವ."

"ದೊಡ್ಡಪ್ಪಾ, ಎರಡು ಮೊಳಕಿ ಒಡದು ಬಂತೇನು?" ಎಂದಳು ಸುವಾರ್ತಾ, ನನ್ನ ಬೆರಳುಗಳನ್ನೇ ನೋಡುತ್ತ. ನಾನು ಕೈಯನ್ನು ಧೋತರಕ್ಕೆ ಒರೆಸಿಕೊಂಡೆ.

ಗುರುಶಾಂತ ಬಹಳ ಹೊತ್ತು ಪುಟ ನೋಡಿದ, ನನ್ನನ್ನು ನೋಡಿದ, ಕೊನೆಗೆ ಹೆಂಡತಿಯ ಬೆನ್ನನ್ನು ನೋಡಿದ. ಅವಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. "ಅಪ್ಪನ ಅಕ್ಷರದ ಮ್ಯಾಲ ನನಗ ಸಂಶೇ ಇಲ್ಲ," ಎಂದು ಪೆಟ್ಟಿಗೆಯ ಕೀಲಿ ತೆಗೆದ. ಸಂಶಯ ಇಲ್ಲದವನ ದನಿಯಾಗಿರಲಿಲ್ಲ. ಅವನಿಗೂ ಒಂದು ದಾರಿ ಬೇಕಾಗಿತ್ತು ಅನಿಸುತ್ತದೆ.

ಅವ್ವ ಹೊಸ್ತಿಲ ಮೇಲೆ ಕೂತು ಕೇಳಿದಳು, "ಆ ಎರಡು ಹ್ಯಾಂಗದ?"

"ಎರಡಿನಂಗೇ ಅದವ್ವಾ."

"ಹೂಂ. ನೋಡೂಣು."

ಜೂನ್ ಮೂರು. ಅವ್ವ, ಗುರುಶಾಂತ, ನಾನು ಆಳಂದದ ಬಸ್ಸು ಹತ್ತಿದೆವು. ಅವ್ವ ದಾರಿಯುದ್ದಕ್ಕೂ ಕಿರಿಮಗನ ಅಂಗಿಯ ತುದಿ ಹಿಡಿದಿದ್ದಳು. ಅವನು ದಾರಿಯುದ್ದಕ್ಕೂ ಕಿಟಕಿಯಿಂದ ಕತ್ತು ಚಾಚಿ ಆಕಾಶ ನೋಡುತ್ತಿದ್ದ, ಎಲ್ಲಿಯಾದರೂ ಮೊದಲಿನ ತಾರೀಖೇ ಖರೆಯಾದರೆ ಎಂದು. ಮೋಡ ಇತ್ತು, ತುತ್ತೂರಿ ಇರಲಿಲ್ಲ. ಕಲಬುರಗಿಯ ದವಾಖಾನೆಯಲ್ಲಿ ಬಲಗಣ್ಣಿನ ಪೊರೆ ತೆಗೆದರು. ನನ್ನ ಕೈಗೆ ತೋರಿಸಿದರು, ಅಂಗೈ ಅಗಲ ಇತ್ತು, ಎರಡು ಸೇರು ಭಾರ.

ಮುಂದಿನ ಹತ್ತು ದಿನ ಕಪ್ಪು ಕನ್ನಡಕ, ತಾಸಿಗೊಮ್ಮೆ ಹನಿ. ಹನಿ ಹಾಕಿದವಳು ಜಯಮಾಲಾ. ರೊಟ್ಟಿ ಮತ್ತೆ ಶುರುವಾಯಿತು, ಯಾಕೆಂದರೆ ಹೊಟ್ಟೆಗೆ ಗಟ್ಟಿ ಬೀಳದೆ ಗಾಯ ಮಾಯುವುದಿಲ್ಲ ಎಂದು ಮುಸ್ಕಾನ ಹೇಳಿದ್ದಳು. ಗುರುಶಾಂತ ಇಪ್ಪತ್ತಮೂರಕ್ಕೆ ಉಪವಾಸ ಕೂಡುವ ತಯಾರಿಯಲ್ಲಿದ್ದ. ಅಂಗಡಿಯ ಚೀಟಿಯಲ್ಲಿ ತಾರೀಖು ತಿದ್ದಿದ್ದ.

ಹದಿನಾಲ್ಕನೆಯ ತಾರೀಖು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಪುಂಡಿಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಅವ್ವ ಕನ್ನಡಕ ತೆಗೆದು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದಳು. "ಶಿವ್ಯಾ, ಮುದುಕ ಆಗೀಯಲ್ಲೋ," ಎಂದಳು. ಆಮೇಲೆ, "ಸುವಾರ್ತಾ, ಸತ್ಯವೇದ ತಾ."

ಕೊನೆಯ ಪುಟ ತೆಗೆದು ಕಣ್ಣಿಗೆ ಹತ್ತಿರ ಹಿಡಿದಳು. ನಾನು ಕೈಯಲ್ಲಿದ್ದ ರೊಟ್ಟಿಯ ತುತ್ತನ್ನು ಮರಳಿ ತಾಟಿಗಿಟ್ಟೆ.

"ಗುರ್ಯಾ, ಈ ಪುಟ ಯಾರು ಬರದಾರ?"

"ಅಪ್ಪ."

"ಎಲ್ಲಾನೂ?"

"ಎಲ್ಲಾನೂ. ಒಂದೇ ಅಕ್ಷರ ಅದಲ್ಲ."

ಅವ್ವ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇದನ್ನ ಓದು."

ಗುರುಶಾಂತ ಬಾಗಿ ಓದಿದ. "ಖಂಡಪ್ಪ ದೇವರ ಹತ್ತಿರ ಹೋದ ದಿನ..." ಅಲ್ಲಿಗೆ ನಿಂತ.

"ಸತ್ತಾವ ತನ್ನ ಸಾವಿನ ತಾರೀಖು ತಾನೇ ಎದ್ದು ಬರೀತಾನೇನು?"

ನಾವು ಎರಡು ತಿಂಗಳು ದಿನಕ್ಕೆ ಹತ್ತು ಸಲ ಆ ಪುಟ ನೋಡಿದ್ದೆವು. ಪಾಸ್ಟರ್ ನೋಡಿದ್ದರು. ಒಬ್ಬರಿಗೂ ಇದು ಹೊಳೆದಿರಲಿಲ್ಲ. ಹೊರಗೆ ಯಾರದೋ ಕೋಳಿ ಕೂಗಿತು.

"ನಿಮ್ಮಪ್ಪಗ ಅಕ್ಷರ ಬರ್ತಿದ್ದಿಲ್ಲೋ," ಎಂದಳು ಅವ್ವ. "ಶನಿವಾರ ಸಂಜೀಕ ನಾ ಓದಿ ಹೇಳ್ತಿದ್ದೆ. ಎರಡು ಸಲ ಕೇಳಿದ್ರ ಸಾಕು, ಬಾಯಿಪಾಠ. ಭಾನವಾರ ಚರ್ಚಿನಾಗ ಬೆರಳು ಆಡಿಸ್ಕೋತ ಹೇಳ್ತಿದ್ದ. ಯಾರಿಗೂ ಹೇಳಬ್ಯಾಡಂದಿದ್ದ, ಹೇಳಿದ್ದಿಲ್ಲ. ಈ ಪುಟ ಎಲ್ಲಾ ನನ್ನ ಅಕ್ಷರ. ಬುಡದಾಗಿನ ಈ ಒಂದು ಸಾಲು ಬಿಟ್ಟು."

ಸುವಾರ್ತಾ ಕೇಳಿದಳು, "ಹಂಗಾದ್ರ ಆಯಿ, ಮೊದಲಿನ ದಿನದಿಂದ ನಿನಗ ಗೊತ್ತಿತ್ತೇನು?"

"ಸುಳ್ಳಂತ ಗೊತ್ತಿತ್ತು. ಯಾರದಂತ ಗೊತ್ತಿದ್ದಿಲ್ಲ. ಈ ಮನ್ಯಾಗ ನನ್ನ ಅಕ್ಷರ ತಿದ್ದಿ ಬರಿಯೂವಷ್ಟು ಕಲತಾವರು ಮೂರು ಮಂದಿ. ಯಾರ ಮ್ಯಾಲ ಹಾಕಲಿ?" ಪುಟವನ್ನು ಇನ್ನೂ ಹತ್ತಿರಕ್ಕೆ ತಂದಳು. "ಮೂರರ ಅಂಕಿ ಚಲೋ ತಿದ್ದ್ಯಾನ. ನನ್ನ ಮೂರೇ ಅನ್ನಬೇಕು. ಆದ್ರ ಈ ಎರಡು ಗಡಬಡಿಯಾಗ ಬರದಾನ. ಬುಡದಾಗ ಗಂಟು ಬಂದದ. ಒಲಿ ಬೂದಿ ಹರವಿ ಎರಡು ಬರಸ್ತಿದ್ದೆ. ಒಬ್ಬ ಮಗ ಮಾತ್ರ ಎಷ್ಟ ಬಡದ್ರೂ ಬುಡಕ್ಕ ಗಂಟು ಹಾಕೂದು ಬಿಡಲಿಲ್ಲ."

ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ನಾನು ಎಮ್ಮೆಗೆ ನೀರು ಕುಡಿಸಲು ಏಳಬೇಕೆಂದೆ.

"ಕೂಡು," ಎಂದಳು ಅವ್ವ.

ಕೂತೆ.

"ಯಾಕ ಬರದಿ?"

ಹತ್ತು ಉತ್ತರ ಬಾಯಿಗೆ ಬಂದವು, ಹತ್ತೂ ಚೆಲುವಾಗಿದ್ದವು. ಅವ್ವನ ತೊಳೆದ ಕಣ್ಣು ನನ್ನನ್ನೇ ನೋಡುತ್ತಿತ್ತು. "ಆ ಮೊಬೈಲ್ ಬಂದ ಮ್ಯಾಲ ನನ್ನ ಮಾತು ಯಾರೂ ಕೇಳಾಕತ್ತಿದ್ದಿಲ್ಲ," ಎಂದೆ. "ಒಂದು ವಾರ ಚ್ಯಾಷ್ಟಿ ಮಾಡಿ ಹೇಳಿಬಿಡೂಣು ಅಂತಿದ್ದೆ. ಇಂವ ಕೌದಿ ಬಿಚ್ಚಿದ. ಆಮ್ಯಾಲ ಹೇಳಾಕ ಧೈರ್ಯ ಸಾಲಲಿಲ್ಲ."

ಗುರುಶಾಂತ ತಾಟು ಸರಿಸಿ ಎದ್ದು ನಿಂತ. "ನಿನ್ನ ಒಂದು ಚ್ಯಾಷ್ಟಿಗಿ ನಾ ಊರ ಮನಿ ಬಾಗಲಕ್ಕ ನಿಂತು ಕಳ್ಳ ಅನ್ನಿಸ್ಕೊಂಡೆ. ಬಂದ ಗಿರಾಕಿಗಿ ಹೋಗ್ರಿ ಅಂದೆ. ಅವ್ವನ ಕಣ್ಣು ಹೋಗೂದಿತ್ತು. ಎಲ್ಲಾ ಒಂದು ಸುಳ್ಳಿಗಿ!"

"ತಾರೀಖು ಸುಳ್ಳು," ಎಂದಳು ಅವ್ವ. "ಅರಿವಿ ಸುಳ್ಳೇನಲೇ? ಗುರುಬಾಯಿ ತುಂಡು ಗುರುಬಾಯೀದೇ. ಅದಕ್ಕ ನಾ ಬಾಯಿ ಬಿಡಲಿಲ್ಲ. ತಾರೀಖು ಸುಳ್ಳಂತ ಹೇಳಿದ್ರ ನೀ ಇನ್ನಾ ಇಪ್ಪತ್ತೈದು ವರ್ಷ ಇಟ್ಟಕೊಳ್ಳಾಂವ ಇದ್ದಿ."

"ಮತ್ತ ಕ್ಯಾಂಪಿನ ದಿನ ಯಾಕ ಸುಮ್ಮ ಕೂತಿ?"

"ಎರಡು ಸಲ ಬಾಯಿಗಿ ಬಂತು. ಹೇಳಿದ್ರ ನಿಮ್ಮಪ್ಪನ ಮಾನ, ಹೇಳದಿದ್ರ ನನ್ನ ಕಣ್ಣು. ಒಂದು ದಿನ ತಡೀತೇನಿ ಅಂದೆ. ಮರುದಿನ ಇವನ ಎರಡು ಹುಟ್ಟಿತು."

ಗುರುಶಾಂತ ನಿಂತೇ ಇದ್ದ. ಕೋಪ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅವನ ಮೈಯಲ್ಲೇ ತಿರುಗುತ್ತಿತ್ತು. ಆಮೇಲೆ ಅವನು ಮೂಲೆಯಲ್ಲಿದ್ದ ಜಯಮಾಲಾಳ ಎದುರಿಗೆ ಹೋಗಿ ಕೂತ. ಇಪ್ಪತ್ತಮೂರಕ್ಕೆ ಇನ್ನು ಏನೂ ಇರಲಿಲ್ಲ, ಯಾವ ತುತ್ತೂರಿಯೂ ಅವನನ್ನು ತಳ್ಳುತ್ತಿರಲಿಲ್ಲ.

"ಆ ದಿನ ಗುಂಡಿ ಬಿಟ್ಟು ಎದ್ದು ಬರಬೇಕಾಗಿತ್ತು," ಎಂದ. "ತಪ್ಪಾಗ್ಯದ."

ಜಯಮಾಲಾ ತಾಟಿನ ಅಂಚು ಉಜ್ಜುತ್ತ ಕೂತಳು. ಆಮೇಲೆ, "ಮಣ್ಣ ಹಾಕಿದ ಜಾಗಾಕ್ಕ ಕಲ್ಲೂ ಇಟ್ಟಿಲ್ಲ," ಎಂದಳು.

"ನಾಳಿ ಜೇವರ್ಗಿಗಿ ಹೋಗೂಣು."

"ಅಂಗಡಿ?"

"ಅಂಗಡಿ ಎಲ್ಲಿಗಿ ಹೋಗ್ತದ."

ಅವಳು ಎದ್ದು ಒಂದು ಬಿಸಿ ರೊಟ್ಟಿ ತಂದು ಅವನ ತಾಟಿಗೆ ಹಾಕಿದಳು. ನನ್ನ ತಾಟಿಗೆ ಹಾಕಲಿಲ್ಲ.

ಅವ್ವ ಸೊಂಟದ ಸಂಚಿಯಿಂದ ಒಂದು ಗಿಡ್ಡ ಪೆನ್ಸಿಲ್ ತೆಗೆದು ನನ್ನ ಮುಂದಿಟ್ಟಳು. "ಅಳಸಬ್ಯಾಡ. ಅದರ ಬುಡಕ್ಕ ಬರಿ. ನಿನ್ನ ಅಕ್ಷರದಾಗ ಬರಿ, ನನ್ನದರಾಗ ಬ್ಯಾಡ."

ಬರೆದೆ. 'ಮೇಲಿನ ಸಾಲು ಶಿವರಾಯನು ಬರೆದದ್ದು. ಸುಳ್ಳು. ಜೂನ್ 14.' ಅರವತ್ತು ವರ್ಷದಲ್ಲಿ ನಾನು ಉಪ್ಪು ಖಾರ ಹಚ್ಚದೆ ಬರೆದ ಮೊದಲ ಸಾಲು ಅದು. ಇದು ಬಡಾಯಿಯಲ್ಲ. ಅವ್ವ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು, ತಲೆಯಾಡಿಸಿದಳು.

"ದೊಡ್ಡಪ್ಪಾ," ಎಂದಳು ಸುವಾರ್ತಾ, "ಬಸ್ಸಿಂದೂ ಬರಿ."

"ಯಾವ ಬಸ್ಸಿಂದು?"

"ನನ್ನ ಗೆಳತಿ ಅಪ್ಪ ಡಿಪೋದಾಗ ಮೆಕ್ಯಾನಿಕ್ ಇದ್ರು. ನೀ ಬಸ್ ಓಡಿಸಿಲ್ಲಂತ. ತೊಳೀತಿದ್ದೆಂತ."

ಹೌದು. ಮೂವತ್ತನಾಲ್ಕು ವರ್ಷ ಬಸ್ ತೊಳೆದಿದ್ದೇನೆ. ಭೀಮಾ ನದಿಯಲ್ಲಿ ಯಾವ ಬಸ್ಸೂ ತೇಲಲಿಲ್ಲ. ಆ ನೀರಿಳಿದ ಮೇಲೆ ಬಸ್ಸುಗಳ ಒಳಗಿನ ಕೆಸರು ಬಳಿದವನು ನಾನು. ಲೋಕದ ಅಂತ್ಯವನ್ನು ಮುಂದಕ್ಕೆ ಹಾಕಿದ್ದೂ ಇಲ್ಲ. ಒಂದು ಮೂರರ ಹಿಂದೆ ಒಂದು ಎರಡು ಬರೆದೆ, ಅಷ್ಟೆ, ಅದೂ ಗಂಟು ಬಿದ್ದ ಎರಡು.

"ಪುಟದಾಗ ಜಾಗ ಇಲ್ಲವ್ವಾ," ಎಂದೆ.

ಅವ್ವ ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದಳು. "ಆ ಮಗ್ಗಲದ್ದು ಪೂರಾ ಖಾಲಿ ಅದ. ಬರಿ."